ಮೂರೂರ ಮಗಳಿಗೆ ಒಂದು ಖೋಲಿ

ಒಬ್ಬ ಹೆಣ್ಣುಮಗಳು ಮೂರು ಊರುಗಳಲ್ಲಿ ಹುಟ್ಟಲು ಸಾಧ್ಯವೇ?

ಸಾಧ್ಯ. ಕಳೆದ ರವಿವಾರ ನಾನೇ ಅದನ್ನು ಮೈಕಿನಲ್ಲಿ ಸಾರಿದ್ದೇನೆ. ಬೆಳಿಗ್ಗೆ ಗೋಕಾಕದಲ್ಲಿ "ಈ ಗೋಕಾಕದ ಮಣ್ಣಿನ ಮಗಳು" ಎಂದೆ. ಜನ ಚಪ್ಪಾಳೆ ಹೊಡೆದರು. ಮಧ್ಯಾಹ್ನ ಮೂಡಲಗಿಯಲ್ಲಿ "ನಮ್ಮ ಮೂಡಲಗಿಯ ಮನೆಮಗಳು" ಎಂದೆ. ಅಲ್ಲಿಯೂ ಚಪ್ಪಾಳೆ. ಸಂಜೆ ಹುಕ್ಕೇರಿಯಲ್ಲಿ ಏನೆಂದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಈ ಅಂಕಣ ಓದುವ ನಿಮಗೆ ಗೊತ್ತಿರುವಂತೆ ನನ್ನ ಕಸುಬು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವುದು. (ಇತಿಹಾಸದವರೇ ಹೀಗೆ ಮಾಡಿದರೆ ಹೇಗೆ ಎಂದು ಕೇಳಬೇಡಿ. ಹೀಗೆ ಮಾಡುವುದೇ ಇತಿಹಾಸದವರು.) ಇರುವುದು ಹುಕ್ಕೇರಿಯಲ್ಲಿ, ಪಾಠ ಗೋಕಾಕದಲ್ಲಿ, ಗಂಟಲು ಮಾತ್ರ ಇಡೀ ಜಿಲ್ಲೆಗೆ. ಸತ್ಕಾರ, ಬೀಳ್ಕೊಡುಗೆ, ಯಾರದೋ ಷಷ್ಟ್ಯಬ್ದಿ, ಏನೇ ಇದ್ದರೂ "ಪರಿಚಯ ಭಾಷಣ ಮೇಡಂ ಅವರದ್ದು" ಎಂದು ಕಾರ್ಡಿನಲ್ಲಿ ಮೊದಲೇ ಅಚ್ಚು ಹಾಕಿಸಿ ಆಮೇಲೆ ನನಗೆ ಫೋನ್ ಮಾಡುತ್ತಾರೆ.

ಈ ಸಲದ ಅತಿಥಿ ನಟಿ ಇಂದುಮತಿ.

ಹೆಸರಿನಿಂದ ಗುರುತು ಸಿಗದಿದ್ದರೆ ಕಣ್ಣೀರಿನಿಂದ ಸಿಗುತ್ತದೆ. ನಾಯಕ ಜೈಲಿಗೆ ಹೋಗುವಾಗ ಕಂಬಿ ಹಿಡಿದು ಅಳುವ ತಾಯಿ ಇದ್ದಾರಲ್ಲ, ಅವರೇ. ನಾಟಕ ಕಂಪನಿಯ ದೊಡ್ಡ ಮನೆತನ ಅವರದು. ಅಜ್ಜಿ ಕಂಪನಿಯ ಒಡತಿ. ಗಂಡುವೇಷ ಹಾಕಿ ಕತ್ತಿ ಹಿರಿದರೆ ಮುಂದಿನ ಸಾಲಿನ ಗೌಡರು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ತಾಯಿ ಅದೇ ಕಂಪನಿಯ ನಾಯಕಿ. ಮಾವ ಹಾರ್ಮೋನಿಯಂ. ಇಂದುಮತಿ ನಲವತ್ತು ದಿನದ ಕೂಸಾಗಿದ್ದಾಗಲೇ ತೊಟ್ಟಿಲ ಕೃಷ್ಣನಾಗಿ ರಂಗ ಏರಿದವರು. ಆ ಪ್ರವೇಶದಲ್ಲಿ ಅವರು ಅಳಬಾರದಿತ್ತು, ಅತ್ತರು. ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ.

ಇಷ್ಟು ವರ್ಷ ಅವರು ಯಾವ ಊರಿನವರು ಎಂದು ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮೊನ್ನೆ ಅವರಿಗೆ ಒಂದು ದೊಡ್ಡ ಪ್ರಶಸ್ತಿ ಬಂತು. ಬಂದ ಮರುದಿನವೇ ಮೂರು ಊರುಗಳಿಗೆ ಒಮ್ಮೆಲೇ ಹೆರಿಗೆ ನೋವು ಕಾಣಿಸಿಕೊಂಡಿತು. ನಮ್ಮೂರಲ್ಲಿ ಹುಟ್ಟಿದವರು ಎಂದು ಗೋಕಾಕದಲ್ಲಿ ಬ್ಯಾನರ್ ಕಟ್ಟಿದರು. ಮೂಡಲಗಿಯವರು ಅದಕ್ಕಿಂತ ದೊಡ್ಡದು ಕಟ್ಟಿದರು. ಹುಕ್ಕೇರಿಯ ನಮ್ಮವರು ತಡವಾಗಿ ಎದ್ದರು, ಆದರೆ ಬಸ್ ಸ್ಟ್ಯಾಂಡಿನ ಮುಂದೆಯೇ ಕಟ್ಟಿದರು. ಮೂರೂ ಬ್ಯಾನರಿನಲ್ಲಿ ಇಂದುಮತಿಯ ಫೋಟೋ ಒಂದೇ, ಸುತ್ತಲಿನ ಗಣ್ಯರ ಫೋಟೋ ಮಾತ್ರ ಬೇರೆ ಬೇರೆ.

ಮೂರೂ ಸಮಿತಿಯವರಿಗೆ ಅವರು "ಬರ್ತೇನಿ" ಎಂದರಂತೆ. ಒಂದೇ ದಿನ, ಒಂದೇ ಕಾರು. ಜೊತೆಗೆ ನಾನು.

ಗೋಕಾಕದ ಲಾಡ್ಜಿನಲ್ಲಿ ಅವರನ್ನು ಮೊದಲು ನೋಡಿದಾಗ ನನಗೆ ಹತ್ತಿರದ ಯಾರೋ ಅತ್ತೆಯನ್ನು ನೋಡಿದ ಹಾಗಾಯಿತು. ಅರವತ್ತೆಂಟು ವರ್ಷ. ಕಾಟನ್ ಸೀರೆ, ಕಾಲಿಗೆ ಸಾದಾ ಚಪ್ಪಲಿ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದನ್ನು ಕಾರಿನ ಡಿಕ್ಕಿಯಲ್ಲಿ ಇಡೋಣವೆಂದರೆ ಕೊಡಲಿಲ್ಲ.

"ಇರ್ಲಿ ಬಿಡ್ರಿ. ಇದರಾಗ ಒಂದು ಇಳಕಲ್ ಸೀರಿ ಐತಿ. ಒಬ್ಬಾಕಿ ಮನಿಗೆ ಮುಟ್ಟಸಬೇಕು. ಮನಿ ಯಾವುದಂತ ಗೊತ್ತಿಲ್ಲ. ಅದನ್ನ ಹುಡಕಾಕಂತನ ಮೂರೂ ಊರಿಗೆ ಹ್ಞೂಂ ಅಂದೇನಿ."

ಅವರು ಹೇಳಿದ್ದು ಇಷ್ಟು. ಅವರು ಹುಟ್ಟಿದ ವರ್ಷ ಕಂಪನಿ ಈ ಮೂರೂ ಊರಿನಲ್ಲಿ ಒಂದಾದ ಮೇಲೊಂದು ಕ್ಯಾಂಪ್ ಹಾಕಿತ್ತು. ತಾಯಿಗೆ ದಿನ ತುಂಬಿತ್ತು. ಚಳಿಗಾಲ, ಟೆಂಟಿನಲ್ಲಿ ಹೆರಿಗೆ ಆಗುವಂತಿರಲಿಲ್ಲ. ಆ ಕತ್ತಿ ಹಿರಿಯುವ ಅಜ್ಜಿ ಮನೆಮನೆಯ ಬಾಗಿಲಿಗೆ ಹೋಗಿ ತಿಂಗಳ ಮಟ್ಟಿಗೆ ಒಂದು ಖೋಲಿ ಕೇಳಿದರು. ನಾಟಕದವರೆಂದರೆ ಯಾರೂ ಕೊಡಲಿಲ್ಲ. ಕೊನೆಗೆ ಒಬ್ಬ ಹೆಣ್ಣುಮಗಳು ಕೊಟ್ಟಳು.

"ಯಾವ ಊರಾಗ?" ಎಂದೆ.

"ಅದ ಗೊತ್ತಿಲ್ಲಲ್ರಿ. ನಮ್ಮವ್ವ ನಾ ಸಣ್ಣಾಕಿದ್ದಾಗನ ಹೋದ್ಲು. ಹೇಳಿದಾಕಿ ಅಜ್ಜಿ. ಅಜ್ಜಿ ನೂರಾರು ಊರು ತಿರುಗಿದಾಕಿ, ಕಡೀ ಕಡೀಕ ಒಂದೂರು ಒಯ್ದು ಇನ್ನೊಂದೂರಾಗ ಇಡತಿದ್ಲು. 'ನೀ ಚುರಮರಿ ವಾಸನಿಯಾಗ ಹುಟ್ಟೀದಿ' ಅಂತಿದ್ಲು. ಅಜ್ಜಿ ಚಾಷ್ಟಿ ಮಾಡ್ತಾಳಂತ ನಾ ತಿಳಕೊಂಡಿದ್ದೆ."

ಹಾಗಾದರೆ ಇಷ್ಟು ದಿನ ಸಂದರ್ಶನಗಳಲ್ಲಿ ಹುಟ್ಟೂರು ಯಾವುದೆಂದು ಹೇಳುತ್ತಿದ್ದಿರಿ?

"ಕೇಳಿದಾರು ಯಾವ ಊರಾರೋ ಆ ಊರು!" ಎಂದು ನಕ್ಕರು. ಅದು ಕಂಪನಿಯ ರೂಢಿಯಂತೆ. ಕ್ಯಾಂಪ್ ಹಾಕಿದ ಮೊದಲ ದಿನ ಪರದೆ ಸರಿಸುವ ಮುಂಚೆ ನಾಯಕಿ ಬಂದು ಕೈ ಮುಗಿದು, "ಇದು ನನ್ನ ತವರೂರು, ಮಗಳಿಗೆ ಉಡಿ ತುಂಬಿ ಕಳಿಸಿರಿ" ಎನ್ನಬೇಕು. ಹಾಗೆಂದರೆ ಮರುದಿನ ಹೆಂಗಸರು ಚಕ್ಕಡಿ ಹೂಡಿಸಿಕೊಂಡು ಬರುತ್ತಿದ್ದರು. ಅಜ್ಜಿ ಅಂದರು, ತಾಯಿ ಅಂದರು, ಇವರೂ ಅಂದರು. ಮೂರು ತಲೆಮಾರು ಎಲ್ಲ ಊರಿಗೂ ಹಂಚಿದ ಆ ಮಾತನ್ನು ಊರುಗಳು ಈಗ ನಿಜವೆಂದು ನಂಬಿಬಿಟ್ಟಿವೆ. ತಪ್ಪು ಯಾರದು?

ಗೋಕಾಕದ ವೇದಿಕೆಯಲ್ಲಿ ಸಾಕ್ಷಿ ಸಿದ್ಧವಾಗಿತ್ತು. ಮಮದಾಪುರದ ಅಜ್ಜನೊಬ್ಬ ಟಂಟಂ ಆಟೋದಲ್ಲಿ ತೊಟ್ಟಿಲು ಹೇರಿಕೊಂಡು ಬಂದಿದ್ದ. ಆಗ ಅವರ ಮನೆ ಗೋಕಾಕದಲ್ಲೇ ಇತ್ತಂತೆ. "ಇವರನ್ನ ಇದರಾಗನ ತೂಗಿದ್ದು" ಎಂದು ಮೈಕಿನಲ್ಲಿ ಹೇಳಿದ. ತೊಟ್ಟಿಲಿಗೆ ಹಸಿರು ಬಣ್ಣ ಬಳಿಸಿದ್ದರು. ಇಂದುಮತಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಣ್ಣ ಇನ್ನೂ ಆರಿರಲಿಲ್ಲ. ಮುಂದಿನ ಅರ್ಧ ಗಂಟೆ ನಮ್ಮ ಹಿರಿಯ ನಟಿ ಹಸಿರು ಹುಬ್ಬಿನಲ್ಲಿಯೇ ಸತ್ಕಾರ ಸ್ವೀಕರಿಸಿದರು. ಯಾರೂ ಹೇಳುವ ಧೈರ್ಯ ಮಾಡಲಿಲ್ಲ. (ನಾನೂ ಮಾಡಲಿಲ್ಲ. ಈ ದುರ್ಗುಣ ನೆನಪಿಟ್ಟುಕೊಳ್ಳಿ.)

ಅವರು ತೊಟ್ಟಿಲಿನವನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಅಜ್ಜಾ, ಆವಾಗ ನಮಗ ಖೋಲಿ ಕೊಟ್ಟಾರು ಯಾರು?"

"ಖೋಲಿ?" ಅಜ್ಜ ಸಮಿತಿಯ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ನನ್ನ ಮುಖ ನೋಡಿದರು. "ಖೋಲಿ ಯಾಕ್ ಬೇಕ್ರಿ, ನಿಮ್ಮದು ದೊಡ್ಡ ಟೆಂಟ್ ಇತ್ತಲ್ಲ" ಎಂದ ಅಜ್ಜ.

ಚೀಲದಿಂದ ಸೀರೆ ಹೊರಗೆ ಬರಲಿಲ್ಲ. ಕರದಂಟಿನ ಎರಡು ಡಬ್ಬಿ ಮಾತ್ರ ಒಳಗೆ ಹೋದವು.

ಮೂಡಲಗಿಯ ದಾರಿಯಲ್ಲಿ ಅರಭಾವಿ ಬಂತು. ಬಸ್ಸಿಗೆ ಕಾಯುತ್ತಿದ್ದ ಹುಡುಗ ಹುಡುಗಿಯರು ರಸ್ತೆಗೇ ಬಂದು ನಿಂತಿದ್ದರಿಂದ ಕಾರು ನಿಧಾನವಾಯಿತು. ಒಬ್ಬ ಹುಡುಗಿ ಕಿಟಕಿಯಲ್ಲಿ ಇಣುಕಿ ಕಿರುಚಿದಳು: "ಏ, ಪಾಯಸದಾಗ ವಿಷ ಹಾಕಿದ ಅತ್ತಿ!"

ಈಗ ಸೀರಿಯಲ್‌ನಲ್ಲಿ ಅವರದು ಅತ್ತೆಯ ಪಾತ್ರ. ಐವತ್ತು ವರ್ಷದ ದುಡಿತ, ನೂರಾರು ಸಿನಿಮಾ, ಕೊನೆಗೆ ಉಳಿದದ್ದು ಪಾಯಸ. ಬೇಜಾರಾಗುವುದಿಲ್ಲವೇ?

"ಯಾಕ್ ಬೇಜಾರ್ರಿ? ಪಗಾರ ಬರತೈತಿ."

ಆಮೇಲೆ ತಮ್ಮ ಬಡ್ತಿ ಮತ್ತು ಹಿಂಬಡ್ತಿಗಳ ಕತೆ ಹೇಳಿದರು. ಹದಿನಾರಕ್ಕೆ ಸಿನಿಮಾಕ್ಕೆ ಬಂದಾಗ ನಾಯಕನ ತಂಗಿ. ನಾಯಕನ ತಂಗಿ ಎಂದರೆ ಗೊತ್ತಲ್ಲ, ಇಂಟರ್ವಲ್ ಒಳಗೆ ಅವಳಿಗೆ ಏನಾದರೂ ಕೆಟ್ಟದ್ದು ಆಗಲೇಬೇಕು. ನಂತರ ಎಂಟು ವರ್ಷ ನಾಯಕಿ. ಒಂದು ಬೆಳಿಗ್ಗೆ ನಿರ್ಮಾಪಕರು ಎಂದಿಗಿಂತ ಹೆಚ್ಚು ಬಾಗಿ ನಮಸ್ಕಾರ ಮಾಡಿದರಂತೆ. ಆಗಲೇ ಇವರಿಗೆ ತಿಳಿಯಿತು. ಮೂವತ್ತಮೂರನೆಯ ವಯಸ್ಸಿಗೆ ತಾಯಿ ಪಾತ್ರ. ಮಗನಾಗಿ ಬಂದವನು ಹಿಂದಿನ ವರ್ಷ ಇವರೊಂದಿಗೇ ಹೂದೋಟದಲ್ಲಿ ಹಾಡಿದ ನಾಯಕ. ಅವನಿಗೆ ಆಗ ನಲವತ್ತೊಂದು.

"ಕಾಲಿಗೆ ಬಿದ್ದ. ಏಳುಮುಂದ ಮೊಣಕಾಲ ಹಿಡಕೊಂತು, ಏಳಾಕ ಆಗಲಿಲ್ಲ. ನಾನ ಕೈ ಹಿಡಿದು ಎಬ್ಬಿಸಿದೆ. ಡೈರೆಕ್ಟರ್ ಓಕೆ ಅಂದ. ತಾಯಿ ಕರುಳು ಭಾಳ ಚೊಲೋ ಬಂದೈತಿ ಅಂದ."

ಎಷ್ಟು ಸಲ ಸತ್ತಿದ್ದೀರಿ ಎಂದು ಕೇಳಿದೆ. ಹಾಸಿಗೆಯ ಮೇಲೆ ಸತ್ತದ್ದು ಬೇರೆ, ಮಗನಿಗೆ ಬಂದ ಗುಂಡಿಗೆ ಅಡ್ಡ ನಿಂತು ಸತ್ತದ್ದು ಬೇರೆ ಎಂದರು. "ಕೆಮ್ಮಿ ಸತ್ತದ್ದ ಭಾಳ."

ಮೂಡಲಗಿಯಲ್ಲಿ ತೊಟ್ಟಿಲು ಇರಲಿಲ್ಲ. ಕುಂಚಿಗೆ ಇತ್ತು. ಕೂಸಿನ ತಲೆ ಬೆನ್ನು ಮುಚ್ಚುವ ಆ ಕುಂಚಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ತಂದಿದ್ದರು. ತಮ್ಮ ಅತ್ತೆಯೇ ಕೈಯಾರೆ ಹೊಲಿದು ಇಂದುಮತಿಗೆ ತೊಡಿಸಿದ್ದೆಂದು ಒಬ್ಬ ಯಜಮಾನಿತಿ ಹೇಳಿದರು. ಕುಂಚಿಗೆಯ ಒಳಗಡೆ ಯಾವುದೋ ರೆಡಿಮೇಡ್ ಅಂಗಡಿಯ ಚೀಟಿ ಇಣುಕುತ್ತಿತ್ತು. ಇಂದುಮತಿ ಅದನ್ನು ನೋಡಿದರು. ಬೆರಳಿನಿಂದ ಮೆಲ್ಲಗೆ ಒಳಕ್ಕೆ ಸರಿಸಿದರು. ಆಮೇಲೆ ಅತ್ತರು. ಐವತ್ತು ವರ್ಷದ ಅನುಭವವೆಂದರೆ ಇದು.

ಅದೇ ಯಜಮಾನಿತಿ ಸತ್ಕಾರದ ಶಾಲು ಹೊದಿಸಿ, ಕಿವಿಯ ಹತ್ತಿರ ಬಾಗಿ, ಮೈಕಿಗೂ ಕೇಳುವಂತೆ ಹೇಳಿದರು: "ಸೊಸಿಗೆ ಅಷ್ಟ ತ್ರಾಸ ಕೊಡಬ್ಯಾಡ್ರಿ ಬಾಯಾರ. ಬಸುರಿ ಅದಾಳ ಪಾಪ."

"ಇಲ್ರೀ ಯವ್ವಾ, ಮುಂದಿನ ವಾರದಿಂದ ಬಿಟ್ಟ ಬಿಡ್ತೇನಿ" ಎಂದರು ಇಂದುಮತಿ, ಅಷ್ಟೇ ಗಂಭೀರವಾಗಿ.

ಇಲ್ಲಿಯೂ ಖೋಲಿಯ ಪ್ರಶ್ನೆ ಬಂತು. ಇಲ್ಲಿಯೂ ಎಲ್ಲರೂ ಪಕ್ಕದವರ ಮುಖ ನೋಡಿದರು. ಹಾಲು ಕೊಟ್ಟವರಿದ್ದರು, ಜೋಳ ಕೊಟ್ಟವರಿದ್ದರು, ದೃಷ್ಟಿ ತೆಗೆದವರೂ ಇದ್ದರು. ಖೋಲಿ ಕೊಟ್ಟವರು ಮಾತ್ರ ಇಲ್ಲ. ಊಟ ಚೆನ್ನಾಗಿತ್ತು. ಕರದಂಟಿನ ಮತ್ತೆರಡು ಡಬ್ಬಿ ಸಿಕ್ಕವು. ಕಾರು ಹತ್ತಿದ ಮೇಲೆ ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ನನಗೆ ನಿಜಕ್ಕೂ ಕೆಟ್ಟದೆನಿಸಿತು. ಎರಡು ವೇದಿಕೆಯಲ್ಲಿ ಸುಳ್ಳು ಹೇಳಿದ್ದು ನಾನೇ ಅಲ್ಲವೇ?

ಹುಕ್ಕೇರಿಗೆ ಹೋಗುವಾಗ ಘೋಡಗೇರಿಯಲ್ಲಿ ಕಾರು ನಿಲ್ಲಿಸಬೇಕಿತ್ತು. ಅಲ್ಲಿ ನಮ್ಮ ದೊಡ್ಡವ್ವ ನೀಲವ್ವ ಇದ್ದಾಳೆ. ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಹುಕ್ಕೇರಿಯ ನಮ್ಮ ಮನೆಯಲ್ಲಿ, ಕೊಟ್ಟದ್ದು ಘೋಡಗೇರಿಗೆ. ವಯಸ್ಸು ಎಪ್ಪತ್ತಾರು ದಾಟಿದೆ. ಹಿಂದಿನ ದಿನ ಫೋನ್ ಮಾಡಿ, "ನನ್ನೂ ಕರಕೊಂಡ ಹೋಗ. ಆಕಿಗೆ ಒಂದ ಮಾತ ಹೇಳೂದೈತಿ" ಎಂದಿದ್ದಳು. ಇನ್ನೊಂದು ತೊಟ್ಟಿಲು ಬಂತು ಎಂದುಕೊಂಡಿದ್ದೆ.

ತೊಟ್ಟಿಲು ಇರಲಿಲ್ಲ. ದೊಡ್ಡವ್ವ ಬರಿಗೈಯಲ್ಲಿ ಬಂದು ಹಿಂದಿನ ಸೀಟಿನಲ್ಲಿ ಇಂದುಮತಿಯ ಬಾಜೂ ಕುಳಿತಳು. ಕಾರು ಊರು ದಾಟಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು.

"ನನಗಾಗ ಎಂಟೋ ಒಂಬತ್ತೋ. ನಿಮ್ಮ ಕಂಪನಿ ಹುಕ್ಕೇರಿಗೆ ಬಂದಿತ್ತು. ಒಂದಿನ ಸಂಜೀಮುಂದ ನಿಮ್ಮ ಅಜ್ಜಿ ನಮ್ಮ ಬಾಗಿಲಿಗೆ ಬಂದಿದ್ರು. ಎತ್ತರ ಹೆಂಗಸು, ಹಣಿ ತುಂಬ ಕುಂಕುಮ. ಮಗಳ ಬಾಣಂತನಕ್ಕ ಒಂದ ಖೋಲಿ ಕೊಡ್ರಿ ಅಂದ್ರು. ನಮ್ಮಪ್ಪ ಖೋಲಿ ಇಲ್ಲ ಅಂದ."

ಇಂದುಮತಿ ಅವಳತ್ತ ತಿರುಗಿದರು.

"ಖರೆ ಹೇಳಬೇಕಂದ್ರ ಖೋಲಿ ಇತ್ತು. ಅಟ್ಟದ ಮ್ಯಾಲಿನ ಖೋಲಿ ಖಾಲೀನ ಇತ್ತು. ನಾ ಅಲ್ಲೇ ಗಜ್ಜುಗ ಆಡಕೋತ ಕುಂತಿದ್ದೆ. ಕಿಡಕ್ಯಾಗಿಂದ ಎಲ್ಲಾ ಕೇಳಿಸ್ತು."

ಡ್ರೈವರ್ ಹಾಡು ಬಂದ್ ಮಾಡಿದ.

ಅವಳ 'ನಮ್ಮಪ್ಪ' ಅಂದರೆ ನನ್ನ ಅಜ್ಜ. ಅವನ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಲಿಂಗಪೂಜೆ ಆಗದೆ ನೀರು ಮುಟ್ಟಿದವನಲ್ಲ, ವಚನ ಹಾಡದೆ ಮಲಗಿದವನಲ್ಲ. ಈ ಅಂಕಣದಲ್ಲಿಯೇ ಅವನನ್ನು ನಾಲ್ಕೈದು ಸಲ ಹೊಗಳಿದ್ದೇನೆ, ನಿಮಗೆ ನೆನಪಿರಬಹುದು. ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ನಾನು ರಸ್ತೆಯ ಬದಿಯ ಕಬ್ಬು ನೋಡುತ್ತಿದ್ದೆ. ಹಿಂದಕ್ಕೆ ತಿರುಗಲು ನಾಚಿಕೆಯಾಯಿತು.

"ಹಿಂದಿನ ದಿನ ಅಷ್ಟ ನಮ್ಮಪ್ಪ ನಾಟಕ ನೋಡಿ ಬಂದಿದ್ದ" ಎಂದು ದೊಡ್ಡವ್ವ ಮುಂದುವರಿಸಿದಳು. "ಮುಂದಿನ ಸಾಲಿನ್ಯಾಗ ಕುಂತು ನೋಡಿದ್ದ. ನಿಮ್ಮ ಅಜ್ಜಿ ಪಾರ್ಟು ಎಷ್ಟ ಚೊಲೋ ಇತ್ತಂತ ನಮ್ಮವ್ವನ ಮುಂದ ಹೇಳಿ ಹೇಳಿ ಇಟ್ಟಿದ್ದ."

ಇಂದುಮತಿ ಕೇಳಿದರು: "ಟಿಕೀಟ ತಗೊಂಡ ನೋಡಿದ್ರೋ, ಪಾಸೋ?"

"ಪಾಸು."

ಅವರು ನಕ್ಕರು. ದೊಡ್ಡವ್ವ ನಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅದು ಸಿನಿಮಾದ್ದಲ್ಲ.

"ಮುಂದ ಕೇಳ್ರಿ. ನಮ್ಮ ಹಿಂದಿನ ಓಣ್ಯಾಗ ಚುರಮರಿ ಭಟ್ಟಿ ತಂಗೆವ್ವ ಅಂತ ಇದ್ಲು, ಚುರಮರಿ ಹುರದು ಮಾರಾಕಿ. ಗಂಡ ತೀರಿದ್ದ, ಮಕ್ಕಳಿಲ್ಲ. ಆಕಿ ಕೊಟ್ಲು. ಭಟ್ಟಿ ಬಾಜೂಕ ಖೋಲಿ, ಬೆಚ್ಚಗಿತ್ತು. ನೀವು ಹುಟ್ಟಿದ್ದು ಅಲ್ಲೇ. ಐದನೇ ದಿನ ನಮ್ಮವ್ವ ಬಾಣಂತಿಗಂತ ಅಂಟಿನುಂಡಿ ಡಬ್ಬಿ ನಾ ಉಟ್ಟ ಪರಕಾರದಾಗ ಮುಚ್ಚಿ, ಅಪ್ಪಗ ಹೇಳಬ್ಯಾಡಂತ ಕಳಸಿದ್ಲು. ನಾ ನಿಮ್ಮನ್ನ ಕಣ್ಣಾರೆ ನೋಡೇನಿ. ಕೆಂಪಗ, ಇಷ್ಟಿದ್ರಿ. ಅಳಾಕತ್ತಿದ್ರಿ."

"ಚುರಮರಿ..." ಎಂದರು ಇಂದುಮತಿ. ಅಷ್ಟೇ. ಆಮೇಲೆ ದೊಡ್ಡವ್ವನ ಕೈಯನ್ನು ತೆಗೆದು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಹುಕ್ಕೇರಿ ಬರುವವರೆಗೂ ಬಿಡಲಿಲ್ಲ.

ಇಡೀ ದಿನದಲ್ಲಿ ಸಿಕ್ಕ ಒಂದೇ ನಿಜವಾದ ಸಾಕ್ಷಿ ಅದು. ಕೊಟ್ಟೆವು ಎಂದವರ ನಡುವೆ, ಕೊಡಲಿಲ್ಲ ಎಂದ ಒಬ್ಬಳೇ ಒಬ್ಬ ಮುದುಕಿ. ನಾನು ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಇಂಥ ಸಾಕ್ಷಿ ಹೇಗೆ ಹುಡುಕಬೇಕೆಂದು ಯಾವ ಮಕ್ಕಳಿಗೂ ಕಲಿಸಿಲ್ಲ.

ಹಿಂದಿನ ಓಣಿಯಲ್ಲಿ ಈಗ ಭಟ್ಟಿ ಇಲ್ಲ. ಝೆರಾಕ್ಸ್ ಅಂಗಡಿ ಇದೆ. ತಂಗೆವ್ವ ತೀರಿಹೋಗಿ ಎಷ್ಟೋ ವರ್ಷವಾಯಿತು, ಹಿಂದೆ ಯಾರೂ ಇಲ್ಲ. ಇಂದುಮತಿ ಕಾರಿನಿಂದ ಇಳಿದು ಅಂಗಡಿಯ ಮುಂದೆ ನಿಂತರು. ಅಂಗಡಿಯವ ಓಡಿ ಬಂದು ಸೆಲ್ಫಿ ತೆಗೆದುಕೊಂಡ. "ಇಲ್ಲೇನು?" ಎಂದು ದೊಡ್ಡವ್ವನನ್ನು ಕೇಳಿದರು. "ಇಲ್ಲೇ" ಎಂದಳು ದೊಡ್ಡವ್ವ. ಇಂದುಮತಿ ಆ ಸಿಮೆಂಟಿನ ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿದರು. ಈ ಸಲ ಅವರು ಅಳಲಿಲ್ಲ. ಕೊಡಬೇಕಾದವರು ಇಲ್ಲದಿದ್ದರೆ ಸೀರೆ ಯಾರಿಗೆ ಕೊಡುವುದು? ಚೀಲ ಹಾಗೆಯೇ ಕಂಕುಳಲ್ಲಿ ಉಳಿಯಿತು.

ಹಾಲ್‌ನ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುವಾಗ ಒಬ್ಬ ಹುಡುಗಿ ಬಂದು ಇಂದುಮತಿಯ ಕಾಲಿಗೆ ಬಿದ್ದಳು. ರೇಣುಕಾ ಎಂದು ಹೆಸರು. ಆ ದಿನದ ಪ್ರಾರ್ಥನೆ ಗೀತೆ ಅವಳದ್ದೇ. ಈ ಭಾಗದ ಹಳ್ಳಿಗಳಲ್ಲಿ ಹುಡುಗರೆಲ್ಲ ಸೇರಿ ನಾಟಕ ಆಡುತ್ತಾರಲ್ಲ, ಅವಕ್ಕೆ ನಾಯಕಿಯಾಗಿ ಹೋಗುವವಳು. ಹಳ್ಳಿಯ ಹುಡುಗರು ಎರಡು ತಿಂಗಳು ತಾಲೀಮು ಮಾಡಿಯೂ ಮಾತು ಮರೆಯುತ್ತಾರೆ. ಇವಳು ನಾಟಕದ ದಿನ ಬಸ್ಸಿನಿಂದ ಇಳಿದು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ತನ್ನ ಮಾತನ್ನೂ ಹೇಳಿ ಅವರ ಮಾತನ್ನೂ ಪಿಸುಗುಟ್ಟಿ ನಾಟಕ ದಡ ಮುಟ್ಟಿಸುತ್ತಾಳೆ. ಹಳ್ಳಿ ಹಳ್ಳಿಯ ಬ್ಯಾನರಿನಲ್ಲಿ ನಾಯಕನಿಗಿಂತ ಇವಳ ಫೋಟೋ ದೊಡ್ಡದು.

"ಎಲ್ಲಿರ್ತೀ ತಂಗಿ?" ಎಂದು ಇಂದುಮತಿ ಕೇಳಿದರು.

"ಸದ್ಯಕ ಎಲ್ಲೂ ಇಲ್ರಿ ಅಮ್ಮಾರ. ಹುಕ್ಕೇರ್ಯಾಗ ಒಂದ ಖೋಲಿ ನೋಡಾಕತ್ತೇನಿ. ನಾಕ್ ಮನಿ ಕೇಳಿದೆ. ಏನ ಕೆಲಸ ಅಂತಾರ. ನಾಟಕ ಅಂದಕೂಡ್ಲೆ ಖೋಲಿ ನಿನ್ನೆ ಅಷ್ಟ ಕೊಟ್ಟಬಿಟ್ವಿ ಅಂತಾರ. ಬಾಡಿಗಿ ಬೋರ್ಡು ಇನ್ನೂ ಹಂಗ ನೇತಾಡ್ತಿರತೈತಿ."

ಅವಳು ನಗುತ್ತಲೇ ಹೇಳಿದಳು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಕಾರಣ ಹೇಳಿಬಿಡುತ್ತೇನೆ. ದೊಡ್ಡವ್ವ ಗಜ್ಜುಗ ಆಡುತ್ತಿದ್ದ ಆ ಅಟ್ಟದ ಖೋಲಿ ಈಗ ನನ್ನದು. ಅಜ್ಜನಿಗೆ ಗಂಡುಮಕ್ಕಳಿಲ್ಲದ್ದರಿಂದ ಮನೆ ನಮ್ಮವ್ವನಿಗೆ ಬಂತು, ಅವ್ವನಿಂದ ನನಗೆ. ಖೋಲಿ ಈಗಲೂ ಖಾಲಿ. ಬೋರ್ಡ್ ಹಾಕಿಲ್ಲ. ಹಳೆಯ ಪೇಪರ್ ಕಟ್ಟಿಟ್ಟಿದ್ದೇನೆ, ಹೆಚ್ಚಿನವು ಇದೇ ಅಂಕಣ ಬಂದ ಪೇಪರುಗಳು. ಬಸವಣ್ಣನ ಸಮಾನತೆಯ ಬಗ್ಗೆ ಬರೆದದ್ದೇ ಒಂದು ಕಟ್ಟು ಇದೆ.

ಕಾರ್ಯಕ್ರಮ ಶುರುವಾಯಿತು. ರೇಣುಕಾ ಹಾಡಿದಳು, ಜನ ತಲೆದೂಗಿದರು. ಪರಿಚಯಕ್ಕೆ ನಾನು ಎದ್ದೆ. "ನಮ್ಮ ಹುಕ್ಕೇರಿಯ ಮಗಳು" ಎಂದು ಹೇಳಬೇಕಿತ್ತು. ಎರಡು ಊರಲ್ಲಿ ಸುಳ್ಳು ಸಲೀಸಾಗಿ ಬಂದಿತ್ತು. ಮೂರನೆಯದು ನಿಜ, ಅದೇ ಬಾಯಿಗೆ ಬರಲಿಲ್ಲ. ಕೆಮ್ಮಿದೆ, ನೀರು ಕುಡಿದೆ, "ಹುಕ್ಕೇರಿಯಲ್ಲಿ ಹುಟ್ಟಿದವರು" ಎಂದಷ್ಟೇ ಹೇಳಿ ಮುಗಿಸಿದೆ. ಮಗಳು ಎನ್ನಲು ನಮ್ಮ ಮನೆಯವರಿಗೆ ಯಾವ ಬಾಯಿ?

ಸತ್ಕಾರವಾಯಿತು. ಅಧ್ಯಕ್ಷರು ಒಂದು ರಸ್ತೆಗೆ ಇಂದುಮತಿಯ ಹೆಸರಿಡುವ ಘೋಷಣೆ ಮಾಡಿದರು. ಇಂದುಮತಿ ಎದ್ದು ನಿಂತರು, ನಾನು ಅವರ ಮುಂದೆ ಮೈಕ್ ಹಿಡಿದೆ. ಕಂಪನಿಯ ಭಾಷೆ ಬಿಟ್ಟು ಮನೆಯ ಭಾಷೆಯಲ್ಲಿ ಕೇಳಿದರು:

"ನಾ ಈ ಊರ ಮಗಳು ಹೌದಲ್ರಿ?"

"ಹೌದು!" ಇಡೀ ಹಾಲ್ ಕೈ ಎತ್ತಿತು.

"ಮಗಳು ಒಂದ ಬೇಡ್ತಾಳ, ಕೊಡ್ತೀರಿ?"

"ಕೇಳ್ರಿ!" ಎಂದರು ಜನ. ಇನ್ನೂ ಎತ್ತರಕ್ಕೆ ಎತ್ತಿದರು.

"ರಸ್ತೆ ನನಗ ಬ್ಯಾಡ. ಈಗ ಹಾಡಿದ್ಲಲ್ಲ, ರೇಣುಕಾ, ಈಕಿಗೆ ಬಾಡಿಗಿಗೆ ಒಂದ ಖೋಲಿ ಬೇಕಾಗೇತಿ. ನಾಟಕದಾಕಿ. ಬಾಡಿಗಿ ತಿಂಗಳಾ ತಿಂಗಳಾ ಕೊಡ್ತಾಳ. ಯಾರ ಮನಿಯಾಗ ಕೊಡ್ತೀರಿ, ಅವರಷ್ಟ ಕೈ ಹಂಗ ಇಡ್ರಿ."

ಒಂದು ಊರಿನ ಕೈಗಳು ಒಟ್ಟಿಗೆ ಇಳಿಯುವುದನ್ನು ನೀವು ನೋಡಿದ್ದೀರಾ? ಒಬ್ಬರಿಗೆ ತಲೆ ತುರಿಸಿತು. ಒಬ್ಬರಿಗೆ ಕನ್ನಡಕ ಸರಿ ಮಾಡುವುದಿತ್ತು. ಅಧ್ಯಕ್ಷರಿಗೆ ಸರಿಯಾಗಿ ಅದೇ ಹೊತ್ತಿಗೆ ಫೋನ್ ಬಂತು. (ಫೋನ್ ರಿಂಗ್ ಆದದ್ದು ನನಗಂತೂ ಕೇಳಿಸಲಿಲ್ಲ.) ಇಂದುಮತಿ ಅವಸರ ಮಾಡಲಿಲ್ಲ. ಎಲ್ಲರ ಮುಖವನ್ನೂ ನೋಡುತ್ತ ನಿಂತರು. ರೇಣುಕಾ ಪರದೆಯ ಹತ್ತಿರ ತಲೆ ತಗ್ಗಿಸಿಕೊಂಡಿದ್ದಳು.

ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆಯೇ ಇತ್ತು. ಹಸಿರು ಬಳೆ, ಸುಕ್ಕಾದ ಮೊಣಕೈ. ದೊಡ್ಡವ್ವ.

"ನಮ್ಮದು ಘೋಡಗೇರಿ. ನಡೀತೈತೇನ್ರಿ?" ಎಂದಳು. "ಮನಿಯಾಗ ಎಂಟ ಮಂದಿ ಅದೇವಿ. ಹಿತ್ತಲಕಡೆ ಒಂದ ಖೋಲಿ ಐತಿ, ಕಾಳು ಕಡಿ ಇಟ್ಟೇವಿ, ತಗದ ಕೊಡ್ತೇನಿ. ಊರ ಮುಂದ ಬಸ್ ನಿಲ್ಲತೈತಿ. ಬಾ ತಂಗಿ."

ಇಂದುಮತಿ ವೇದಿಕೆಯಿಂದ ತಾವೇ ಇಳಿದು ಬಂದರು. ಚೀಲದಿಂದ ಆ ಇಳಕಲ್ ಸೀರೆ ತೆಗೆದು ದೊಡ್ಡವ್ವನ ಉಡಿಯಲ್ಲಿ ಹಾಕಿದರು. "ನಾವು ಇಲ್ಲ ಅಂದ ಮನ್ಯಾರ್ರಿ" ಎಂದು ದೊಡ್ಡವ್ವ ಹಿಂದೆ ಸರಿದಳು. "ಈಗ ಹ್ಞೂಂ ಅಂದ್ರಲ್ಲ, ಹಿಡೀರಿ ಅಕ್ಕಾ" ಎಂದರು ಇಂದುಮತಿ. ಫೋಟೋದವರು ಓಡಿ ಬಂದರು. ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಎಲ್ಲರ ಎರಡೂ ಕೈ ಬಿಡುವಾಗಿದ್ದವು.

ಮುಂದಿನ ವಾರ ರೇಣುಕಾ ಘೋಡಗೇರಿಗೆ ಹೋಗುತ್ತಾಳೆ. ಇಂದುಮತಿ ಬೆಂಗಳೂರಿಗೆ ಹೋದರು, ಸೊಸೆಗೆ ತ್ರಾಸ ಕೊಡುವುದು ಇನ್ನೂ ನಿಂತಿಲ್ಲ, ನಿನ್ನೆಯ ಕಂತು ನೋಡಿದೆ.

ಅಂದು ರಾತ್ರಿ ದೊಡ್ಡವ್ವನನ್ನು ಊರಿಗೆ ಬಿಡಲು ನಾನೇ ಹೋದೆ. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಟ್ಟದ ಖೋಲಿಯ ಬಗ್ಗೆ ಅವಳು ಒಂದು ಮಾತೂ ಎತ್ತಿರಲಿಲ್ಲ, ನಾನೇ ಬಾಯಿ ಬಿಟ್ಟೆ.

"ದೊಡ್ಡವ್ವಾ, ನಾನೂ ಕೈ ಎತ್ತತಿದ್ದೆ. ಏನ ಮಾಡೂದು, ಕೈಯಾಗ ಮೈಕ್ ಇತ್ತು."

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ಮೈಕ ಹಿಡಿಯಾಕ ಎರಡೂ ಕೈ ಬೇಕಾಗ್ತಾವೇನವಾ?"